‘ಮಳೆ’ ಎಂಬ ಪದವನ್ನು ನೇಯುವುದು ಹೇಗೆ? ಪರದೆ, ಬಟ್ಟೆ, ಪದ್ಯ, ಆ್ಯಪ್ ದಾಟುವ ಡಿಜಿಟಲ್ ಕಲೆಯ ಒಳಗುಟ್ಟು

ಒಂದು ಗೋಡೆಯಲ್ಲಿ ದೊಡ್ಡ ಪರದೆ, ಅದರೊಳಗೆ ನಿಧಾನವಾಗಿ ಜಾಗ ಬದಲಿಸುವ ಗೆರೆಗಳು. ಪಕ್ಕದ ಗೋಡೆಯಲ್ಲಿ ನೇಯ್ದ ಬಟ್ಟೆ. ಮೂಲೆಯಲ್ಲಿ ಒಂದು ಆ್ಯಪ್ ಇಳಿಸಿಕೊಳ್ಳಿ ಎಂಬ ಚೀಟಿ. ಇನ್ನೊಂದು ಕಡೆ ಪ್ರಿಂಟರ್‌ನಿಂದ ಸಾಲು ಸಾಲಾಗಿ ಹೊರಬರುತ್ತಿರುವ ಪದ್ಯ. ಎಲ್ಲದರ ಕೆಳಗೂ ಒಬ್ಬರದೇ ಹೆಸರು, ಹೆಸರಿನ ಮುಂದೆ ‘ಡಿಜಿಟಲ್ ಕಲಾವಿದೆ’ ಅಂತ. ಇಂಥ ಪ್ರದರ್ಶನ ನೋಡಿ ಹೊರಬಂದವರು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಇವೆಲ್ಲ ಹೇಗೆ ಒಬ್ಬರ ಕೆಲಸ? ಬಟ್ಟೆಗೂ ಆ್ಯಪ್‌ಗೂ ಏನು ಸಂಬಂಧ?

ಈಗ ಇದರ ಜೊತೆ ಇನ್ನೊಂದು ಅನುಮಾನವೂ ಸೇರಿದೆ. 2022ರಿಂದೀಚೆಗೆ, ಒಂದು ಸಾಲು ಬರೆದರೆ ಸಾಕು ಚಿತ್ರ ಬಿಡಿಸಿಕೊಡುವ ಎಐ ಸಾಧನಗಳು ಎಲ್ಲರ ಕೈಗೂ ಬಂದಿವೆ. ಹಾಗಾಗಿ ‘ಡಿಜಿಟಲ್ ಕಲೆ’ ಎಂದ ತಕ್ಷಣ ‘ಎಲ್ಲ ಕಂಪ್ಯೂಟರೇ ಮಾಡುತ್ತೆ, ಕಲಾವಿದರದ್ದೇನಿದೆ?’ ಎಂಬ ಮಾತು ಬಂದುಬಿಡುತ್ತದೆ. ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಸಿಗಬೇಕಾದರೆ ಮೊದಲು ಕೆಲಸ ಹೇಗೆ ನಡೆಯುತ್ತದೆ ಎಂದು ನೋಡಬೇಕು. ‘ಮಳೆ’ ಎಂಬ ಒಂದು ಪುಟ್ಟ ಪದವನ್ನು ಹಿಡಿದುಕೊಂಡೇ ಅದನ್ನು ನೋಡೋಣ.

ಕೈಯಿಂದ ಬಿಡಿಸುವುದು, ನಿಯಮ ಬರೆಯುವುದು

ಡಿಜಿಟಲ್ ಕಲೆಯಲ್ಲಿ ಎರಡು ದೊಡ್ಡ ಬಗೆಗಳಿವೆ. ಮೊದಲನೆಯದರಲ್ಲಿ ಕಲಾವಿದರು ಕಾಗದದ ಬದಲು ಟ್ಯಾಬ್ಲೆಟ್ ಮೇಲೆ ಚಿತ್ರ ಬಿಡಿಸುತ್ತಾರೆ. ಸಾಧನ ಬದಲಾಗಿದೆ, ಆದರೆ ಒಂದೊಂದು ಗೆರೆಯನ್ನೂ ಎಳೆಯುವುದು ಕೈಯೇ. ಇದು ಸುಲಭವಾಗಿ ಅರ್ಥವಾಗುತ್ತದೆ.

ಎರಡನೆಯದರಲ್ಲಿ ಕಲಾವಿದರು ಗೆರೆ ಎಳೆಯುವುದಿಲ್ಲ. ಗೆರೆ ಹೇಗೆ ಎಳೆಯಬೇಕು ಎಂಬ ನಿಯಮವನ್ನು ಬರೆಯುತ್ತಾರೆ. ಹೆಜ್ಜೆ ಹೆಜ್ಜೆಯಾಗಿ ಬರೆದ ಆ ಸೂಚನೆಗಳಿಗೆ ಅಲ್ಗಾರಿದಮ್ ಎನ್ನುತ್ತಾರೆ. ಅದನ್ನೇ ಯಂತ್ರಕ್ಕೆ ತಿಳಿಯುವ ಭಾಷೆಯಲ್ಲಿ ಬರೆದರೆ ಕೋಡ್. ಹೀಗೆ ನಿಯಮದಿಂದ ಹುಟ್ಟುವ ಕಲೆಗೆ ಜನರೇಟಿವ್ ಆರ್ಟ್ ಎಂಬ ಹೆಸರಿದೆ. ಪರದೆ, ಬಟ್ಟೆ, ಆ್ಯಪ್, ಪದ್ಯ ಎಲ್ಲವನ್ನೂ ಒಬ್ಬರೇ ಮಾಡುತ್ತಿದ್ದಾರೆ ಎಂದರೆ ಅವರು ಸಾಮಾನ್ಯವಾಗಿ ಈ ಎರಡನೇ ಬಗೆಯವರು.

ಇದು ನಿನ್ನೆ ಮೊನ್ನೆ ಶುರುವಾದದ್ದಲ್ಲ. 1965ರಲ್ಲೇ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಗಿಯೋರ್ಗ್ ನೀಸ್ ಎಂಬುವವರು ಕಂಪ್ಯೂಟರ್ ಬಿಡಿಸಿದ ಚಿತ್ರಗಳ ಪ್ರದರ್ಶನ ಮಾಡಿದ್ದರು. ಕೆಲವು ವರ್ಷಗಳ ನಂತರ ಅವರು ಮಾಡಿದ ‘ಶಾಟರ್’ ಎಂಬ ಚಿತ್ರ ಇವತ್ತಿಗೂ ಈ ಕಲೆಯ ಮೊದಲ ಪಾಠ. ಶಾಟರ್ ಎಂದರೆ ಜಲ್ಲಿ. ಒಂದು ಸಾಲಿನಲ್ಲಿ 12 ಚೌಕಗಳು, ಅಂಥ 22 ಸಾಲುಗಳು. ಮೇಲಿನ ಸಾಲಿನಲ್ಲಿ ಚೌಕಗಳು ಶಿಸ್ತಾಗಿ ನಿಂತಿವೆ. ಕೆಳಗೆ ಬಂದ ಹಾಗೆ ಒಂದೊಂದೂ ಸ್ವಲ್ಪ ಸ್ವಲ್ಪ ವಾಲುತ್ತದೆ, ಜಾಗ ಬಿಟ್ಟು ಸರಿಯುತ್ತದೆ. ಕೊನೆಯ ಸಾಲುಗಳಲ್ಲಿ ಎಲ್ಲ ಚೆಲ್ಲಾಪಿಲ್ಲಿ. ಇಡೀ ಚಿತ್ರದ ಹಿಂದೆ ಇರುವ ನಿಯಮ ಒಂದೇ ಮಾತಿನದು: ಸಾಲು ಕೆಳಗಿಳಿದಷ್ಟೂ ವಾಲುವುದಕ್ಕೆ, ಸರಿಯುವುದಕ್ಕೆ ಜಾಸ್ತಿ ಅವಕಾಶ ಕೊಡು.

ಒಂದು ನಿರ್ದಿಷ್ಟ ಚೌಕ ಎಷ್ಟು ವಾಲಬೇಕು ಎಂದು ನೀಸ್ ಹೇಳಲಿಲ್ಲ. ಅದನ್ನು ಕಂಪ್ಯೂಟರ್ ಮನಸ್ಸಿಗೆ ಬಂದ ಸಂಖ್ಯೆ ಆರಿಸಿದ ಹಾಗೆ, ದಾಳ ಉರುಳಿಸಿದ ಹಾಗೆ, ಆರಿಸುತ್ತದೆ. ಇದಕ್ಕೆ ರ್‍ಯಾಂಡಮ್ ಎನ್ನುತ್ತಾರೆ. ಆದರೆ ದಾಳಕ್ಕೆ ಎಷ್ಟು ಮುಖ, ಅದು ಎಲ್ಲಿ ಉರುಳಬೇಕು, ಎಲ್ಲಿ ಉರುಳಲೇಬಾರದು ಎಂಬುದು ಕಲಾವಿದರ ತೀರ್ಮಾನ. ಬುಡಾಪೆಸ್ಟ್‌ನಲ್ಲಿ ಹುಟ್ಟಿ ಪ್ಯಾರಿಸ್‌ನಲ್ಲಿ ಬದುಕಿದ ವೆರಾ ಮೊಲ್ನಾರ್ 1968ರಿಂದ ಕಂಪ್ಯೂಟರ್ ಹಿಡಿದರು. ಅವರು ಹುಡುಕುತ್ತಿದ್ದದ್ದು ‘ಶೇಕಡಾ 1ರಷ್ಟು ಅವ್ಯವಸ್ಥೆ’. ಪೂರ್ತಿ ಶಿಸ್ತಾಗಿದ್ದರೆ ಕಣ್ಣು ಬೇಗ ದಣಿಯುತ್ತದೆ, ಪೂರ್ತಿ ಗೊಂದಲವಾದರೆ ಏನೂ ಕಾಣುವುದಿಲ್ಲ. ನಡುವಿನ ಆ ಒಂದು ಬಿಂದು ಎಲ್ಲಿದೆ? ಅದನ್ನು ಹುಡುಕುವುದರಲ್ಲಿ ಅವರು 2023ರಲ್ಲಿ ತೀರಿಕೊಳ್ಳುವವರೆಗೂ ತೊಡಗಿಕೊಂಡಿದ್ದರು.

ಪರದೆ: ಚೌಕಗಳ ಹಾಳೆ

ಗಣಿತದ ಚೌಕಳಿ ನೋಟ್‌ಬುಕ್ ನೆನಪಿಸಿಕೊಳ್ಳಿ. ಕೆಲವು ಚೌಕಗಳಿಗೆ ಬಣ್ಣ ತುಂಬಿ, ಕೆಲವನ್ನು ಖಾಲಿ ಬಿಟ್ಟು, ದೂರದಿಂದ ನೋಡಿದರೆ ಹೂವೋ ಮನೆಯೋ ಕಾಣುತ್ತದೆ, ಅಲ್ವಾ? ಪರದೆಯೂ ಇಂಥದ್ದೇ ಹಾಳೆ. ಒಂದೊಂದು ಚೌಕಕ್ಕೆ ಪಿಕ್ಸೆಲ್ ಎನ್ನುತ್ತಾರೆ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡ 1920, ಉದ್ದ 1080, ಅಂದರೆ ಒಟ್ಟು 20,73,600 ಪಿಕ್ಸೆಲ್‌ಗಳಿರುತ್ತವೆ.

ಪ್ರತಿ ಪಿಕ್ಸೆಲ್ ಒಳಗೆ ಕೆಂಪು, ಹಸಿರು, ನೀಲಿ ಬೆಳಕಿನ ಮೂರು ಪುಟ್ಟ ಭಾಗಗಳು. ಒಂದೊಂದಕ್ಕೂ 0ಯಿಂದ 255ರವರೆಗೆ ಒಂದು ಸಂಖ್ಯೆ ಕೊಡುತ್ತಾರೆ. ಮೂರೂ 0 ಆದರೆ ಕಪ್ಪು, ಮೂರೂ 255 ಆದರೆ ಬಿಳಿ. ಈ ಮೂರು ಸಂಖ್ಯೆಗಳನ್ನು ಬೇರೆ ಬೇರೆ ರೀತಿ ಜೋಡಿಸಿದರೆ ಸುಮಾರು 1.67 ಕೋಟಿ ಬಣ್ಣಗಳು. ಹಾಗಾಗಿ ಪರದೆಯ ಮೇಲಿನ ಚಿತ್ರ ಎಂದರೆ ಯಂತ್ರದ ಮಟ್ಟಿಗೆ ಸಂಖ್ಯೆಗಳ ಒಂದು ದೊಡ್ಡ ಪಟ್ಟಿ. ಸಂಖ್ಯೆ ಬದಲಾದರೆ ಚಿತ್ರ ಬದಲಾಗುತ್ತದೆ. ಸಾಮಾನ್ಯ ಪರದೆ ಈ ಪಟ್ಟಿಯನ್ನು ಸೆಕೆಂಡಿಗೆ 60 ಸಲ ಓದಿ ಮತ್ತೆ ತೋರಿಸುತ್ತದೆ. ಚಲನೆ ಕಾಣುವುದು ಅದರಿಂದಲೇ.

ಇದರಿಂದ ಕಲಾವಿದರಿಗೆ ಸಿಗುವ ದೊಡ್ಡ ಅನುಕೂಲ ಏನೆಂದರೆ, ಯಾವುದನ್ನು ಸಂಖ್ಯೆಯಾಗಿ ಬರೆಯಬಹುದೋ ಅದನ್ನೆಲ್ಲ ಚಿತ್ರವಾಗಿಸಬಹುದು. ಗಾಳಿಯ ವೇಗ, ಧ್ವನಿಯ ಏರಿಳಿತ, ಬರೆದ ಪದ, ಯಾವುದಾದರೂ ಸರಿ. ಅದೇ ಸಂಖ್ಯೆಗಳನ್ನು ಪರದೆಯಿಂದ ಎತ್ತಿ ಇನ್ನೊಂದು ವಸ್ತುವಿನ ಮೇಲೆ ಇಡುವುದಕ್ಕೂ ಅಡ್ಡಿಯಿಲ್ಲ. ಎರಡನೇ ವಸ್ತುವಾಗಿ ಬಟ್ಟೆಯೇ ಏಕೆ ಇಷ್ಟು ಸಲ ಬರುತ್ತದೆ ಎಂಬುದಕ್ಕೆ ಗಟ್ಟಿ ಕಾರಣವಿದೆ.

ಮಗ್ಗ: ಕಂಪ್ಯೂಟರ್‌ಗಿಂತ ಹಳೆಯ ಹೌದು-ಇಲ್ಲ

ನೇಯ್ಗೆಯಲ್ಲಿ ಎರಡು ಬಗೆಯ ಎಳೆಗಳು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದಿಟ್ಟಿರುವುದು ಹಾಸು. ಲಾಳಿಯ ಜೊತೆ ಅಡ್ಡಲಾಗಿ ಓಡುವುದು ಹೊಕ್ಕು. ಹೊಕ್ಕಿನ ಎಳೆ ಒಂದೊಂದು ಹಾಸಿನ ಎಳೆಯನ್ನು ದಾಟುವಾಗಲೂ ಎರಡೇ ದಾರಿ: ಮೇಲೆ ಹೋಗಬೇಕು, ಇಲ್ಲವೇ ಕೆಳಗೆ ಹೋಗಬೇಕು. ಮೂರನೆಯದಿಲ್ಲ. ಮೇಲೆ ಹೋದರೆ ಹೊಕ್ಕಿನ ಬಣ್ಣ ಕಾಣುತ್ತದೆ, ಕೆಳಗೆ ಹೋದರೆ ಹಾಸಿನ ಬಣ್ಣ. ಅದೇ ಚೌಕಳಿ ಹಾಳೆ, ತುಂಬಿದ ಚೌಕ ಮತ್ತು ಖಾಲಿ ಚೌಕ. ನೇಕಾರರು ವಿನ್ಯಾಸವನ್ನು ಮೊದಲು ಚೌಕಳಿ ಕಾಗದದಲ್ಲಿ ತುಂಬಿಕೊಳ್ಳುವುದೂ ಇದೇ ಕಾರಣಕ್ಕೆ.

ಫ್ರಾನ್ಸಿನ ಲಿಯಾನ್ ನಗರದಲ್ಲಿ 1725ರ ಹೊತ್ತಿಗೆ ಬಾಸಿಲ್ ಬುಶಾನ್ ಎಂಬುವವರು ತೂತು ಹಾಕಿದ ಕಾಗದದಿಂದ ಮಗ್ಗದ ಎಳೆಗಳನ್ನು ಆರಿಸುವ ಉಪಾಯ ಮಾಡಿದ್ದರು. ಅದೇ ಊರಿನ ಜೋಸೆಫ್ ಮರಿ ಜಕಾರ್ಡ್ 1804ರ ಸುಮಾರಿಗೆ ಅದನ್ನು ಪಕ್ಕಾ ಕೆಲಸ ಮಾಡುವ ಮಗ್ಗವಾಗಿಸಿದರು. ಇವತ್ತಿಗೂ ಆ ಬಗೆಯ ಮಗ್ಗಕ್ಕೆ ಅವರದೇ ಹೆಸರು. ರಟ್ಟಿನ ಕಾರ್ಡಿನಲ್ಲಿ ತೂತು ಇದ್ದರೆ ಆ ಎಳೆ ಮೇಲೇಳುತ್ತದೆ, ಇಲ್ಲದಿದ್ದರೆ ಇಲ್ಲ. ಹೊಕ್ಕಿನ ಒಂದು ಸಾಲಿಗೆ ಒಂದು ಕಾರ್ಡ್. ಕಾರ್ಡ್‌ಗಳ ಸರಮಾಲೆಯೇ ಇಡೀ ವಿನ್ಯಾಸ. 1839ರಲ್ಲಿ ಈ ಮಗ್ಗದಲ್ಲಿ ಜಕಾರ್ಡ್ ಅವರ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬಳಸಿದ ಕಾರ್ಡ್‌ಗಳು ಸುಮಾರು 24,000. ಕಂಪ್ಯೂಟರ್‌ನ ಮೊದಲ ಕಲ್ಪನೆ ಕೊಟ್ಟ ಚಾರ್ಲ್ಸ್ ಬ್ಯಾಬೇಜ್ ಆ ಬಟ್ಟೆಯ ಒಂದು ಪ್ರತಿಯನ್ನು ಮನೆಯಲ್ಲಿಟ್ಟುಕೊಂಡು ಬಂದವರಿಗೆ ತೋರಿಸುತ್ತಿದ್ದರು. ತಮ್ಮ ಯಂತ್ರಕ್ಕೂ ತೂತಿನ ಕಾರ್ಡ್‌ಗಳನ್ನೇ ಆರಿಸಿಕೊಂಡರು. ಮಗ್ಗ ಹೂವು ಎಲೆಗಳನ್ನು ನೇಯುವ ಹಾಗೆ ಈ ಯಂತ್ರ ಬೀಜಗಣಿತವನ್ನು ನೇಯುತ್ತದೆ ಎಂಬರ್ಥದ ಮಾತನ್ನು ಗಣಿತಜ್ಞೆ ಏಡಾ ಲವ್‌ಲೇಸ್ 1843ರಲ್ಲೇ ಬರೆದರು.

ಸಂಬಂಧ ಅಲ್ಲಿಗೇ ಮುಗಿಯಲಿಲ್ಲ. ಚಂದ್ರನಿಗೆ ಹೋದ ಅಪೋಲೊ ನೌಕೆಯ ಕಂಪ್ಯೂಟರ್‌ನ ನೆನಪಿನ ಭಾಗವನ್ನು ಕಾರ್ಖಾನೆಯ ಮಹಿಳೆಯರು ತಂತಿಯಲ್ಲಿ ಕೈಯಾರೆ ಹೆಣೆದಿದ್ದರು. ತಂತಿ ಪುಟ್ಟ ಕಾಂತದ ಉಂಗುರದ ಒಳಗೆ ಹಾದರೆ 1, ಪಕ್ಕದಲ್ಲಿ ಹಾದರೆ 0. ಸ್ವೀಡನ್ನಿನ ನೇಕಾರ ಕಲಾವಿದೆ ಶಾರ್ಲೊಟ್ ಯೊಹಾನೆಸನ್ 1970ರ ದಶಕದ ಕೊನೆಯಲ್ಲಿ ತಾವು ನೇಯ್ದ ಒಂದು ಬಟ್ಟೆಯನ್ನು ಕೊಟ್ಟು, ಬದಲಿಗೆ ಆಪಲ್ ಕಂಪ್ಯೂಟರ್ ತಂದರು. ಪ್ರೋಗ್ರಾಮಿಂಗ್ ತಾವಾಗಿಯೇ ಕಲಿತು ಪರದೆಯ ಮೇಲೆ ಚಿತ್ರ ಮಾಡಿದರು. ಮಗ್ಗದಲ್ಲಿ ಎಳೆ ಎಣಿಸಿ ಗೊತ್ತಿದ್ದವರಿಗೆ ಪಿಕ್ಸೆಲ್ ಎಣಿಸುವುದು ಹೊಸದೇನಾಗಿರಲಿಲ್ಲ. 1994ರಲ್ಲಿ ಅಮೆರಿಕದ ನವಾಹೊ ಎಂಬ ಮೂಲನಿವಾಸಿ ಸಮುದಾಯದ ನೇಕಾರ್ತಿ ಮಾರಿಲೂ ಶುಲ್ಟ್ಸ್, ಇಂಟೆಲ್ ಕಂಪನಿ ಕೇಳಿಕೊಂಡ ಮೇಲೆ ಅದರ ಪೆಂಟಿಯಮ್ ಚಿಪ್‌ನ ಒಳವಿನ್ಯಾಸವನ್ನು ಉಣ್ಣೆಯಲ್ಲಿ ನೇಯ್ದರು.

ಬಟ್ಟೆ ಒಪ್ಪದ ಮಾತುಗಳು

ಚಿತ್ರದ ಫೈಲನ್ನು ಮಗ್ಗಕ್ಕೆ ಕಳಿಸಿದರೆ ಬಟ್ಟೆ ಬಂದುಬಿಡುತ್ತದೆ ಎಂದು ಅಂದುಕೊಳ್ಳುವುದು ಸಹಜ. ಹಾಗೆ ಬರುವುದಿಲ್ಲ.

ಮೊದಲನೆಯ ತೊಡಕು ಆಕಾರದ್ದು. ಪರದೆಯ ಪಿಕ್ಸೆಲ್ ಸರಿಯಾದ ಚೌಕ. ಬಟ್ಟೆಯಲ್ಲಿ ಹಾಗಲ್ಲ. ಇಂಚಿಗೆ ಹಾಸಿನ ಎಳೆ 60, ಹೊಕ್ಕಿನ ಎಳೆ 40 ಇರುವ ಬಟ್ಟೆ ಎಂದುಕೊಳ್ಳಿ. 60 ಪಿಕ್ಸೆಲ್ ಅಗಲ, 60 ಪಿಕ್ಸೆಲ್ ಎತ್ತರದ ಒಂದು ವೃತ್ತವನ್ನು ಅದರಲ್ಲಿ ಹಾಗೇ ನೇಯ್ದರೆ ಅಗಲ ಒಂದು ಇಂಚು, ಎತ್ತರ ಒಂದೂವರೆ ಇಂಚು ಆಗುತ್ತದೆ. ವೃತ್ತ ಹೋಗಿ ಮೊಟ್ಟೆ ಆಯಿತು. ಮೊದಲೇ ಲೆಕ್ಕ ಹಾಕಿ ಚಿತ್ರವನ್ನು ಕುಗ್ಗಿಸಿಕೊಳ್ಳಬೇಕು.

ಬಣ್ಣದ ತೊಡಕು ಇನ್ನೂ ದೊಡ್ಡದು. ಪರದೆ ಬೆಳಕನ್ನು ಹೊರಗೆ ಸೂಸುತ್ತದೆ. ನೂಲು ತನ್ನ ಮೇಲೆ ಬಿದ್ದ ಬೆಳಕನ್ನು ಹಿಂದಿರುಗಿಸುತ್ತದೆ, ಅಷ್ಟೇ. ಪರದೆಯ ಮೇಲೆ ಉರಿಯುವ ಹಸಿರು ನೂಲಿನಲ್ಲಿ ಸಿಗುವುದೇ ಇಲ್ಲ. ಕೋಟಿಗಟ್ಟಲೆ ಬಣ್ಣಗಳ ಜಾಗದಲ್ಲಿ ನಾಲ್ಕೋ ಆರೋ ಬಣ್ಣದ ನೂಲು. ನೂಲುಗಳು ಬಣ್ಣದ ನೀರಿನ ಹಾಗೆ ಒಂದರಲ್ಲೊಂದು ಕರಗುವುದೂ ಇಲ್ಲ. ಅಕ್ಕಪಕ್ಕ ಇಟ್ಟರೆ ದೂರದಿಂದ ನೋಡುವ ಕಣ್ಣು ಬೆರೆಸಿಕೊಳ್ಳಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಗಟ್ಟಿತನ. ಪರದೆಯಲ್ಲಿ 100 ಕೆಂಪು ಪಿಕ್ಸೆಲ್‌ಗಳನ್ನು ಸಾಲಾಗಿ ಇಟ್ಟರೆ ಏನೂ ಆಗುವುದಿಲ್ಲ. ಬಟ್ಟೆಯಲ್ಲಿ ಹೊಕ್ಕಿನ ಎಳೆ 100 ಹಾಸಿನ ಎಳೆಗಳ ಮೇಲೆ ಎಲ್ಲೂ ಸಿಕ್ಕಿಕೊಳ್ಳದೆ ಹಾದುಹೋದರೆ ಅದು ಸಡಿಲವಾಗಿ ಜೋಲುತ್ತದೆ, ಉಗುರಿಗೆ ಸಿಕ್ಕಿ ಕೀಳುತ್ತದೆ. ಹಾಗಾಗಿ ಪ್ರತಿ ಐದೋ ಎಂಟೋ ಎಳೆಗೊಮ್ಮೆ ಅದನ್ನು ಕೆಳಗೆ ಇಳಿಸಿ ಕಟ್ಟಬೇಕು. ಚಿತ್ರ ಕೆಡದ ಹಾಗೆ ಎಲ್ಲಿ ಕಟ್ಟಬೇಕು ಎಂಬುದನ್ನು ನೇಯ್ಗೆ ಗೊತ್ತಿದ್ದವರೇ ಬಲ್ಲರು.

ಇದಕ್ಕೇ ಇಂಥ ಕಲಾವಿದರು ಮಗ್ಗದ ಮುಂದೆ ಕೂರುತ್ತಾರೆ, ಇಲ್ಲವೇ ನೇಕಾರರ ಜೊತೆ ಕೆಲಸ ಮಾಡುತ್ತಾರೆ. ನಾರ್ವೆಯಲ್ಲಿ ತಯಾರಾಗುವ ಟಿಸಿ-2 ಎಂಬ ಮಗ್ಗ ಇವರಿಗೆ ಅಚ್ಚುಮೆಚ್ಚು. ಯಾವ ಹಾಸಿನ ಎಳೆ ಏಳಬೇಕು ಎಂದು ಕಂಪ್ಯೂಟರ್ ಹೇಳುತ್ತದೆ, ಲಾಳಿ ಎಸೆಯುವುದು ಮಾತ್ರ ಮನುಷ್ಯರ ಕೈ. ಒಂದು ಸಾಲು ಸರಿ ಬರಲಿಲ್ಲ ಎಂದರೆ ಅಲ್ಲೇ ನಿಲ್ಲಿಸಿ ಬದಲಾಯಿಸಬಹುದು.

‘ಮಳೆ’ಯನ್ನು ನೇಯೋಣ

ಈಗ ನಮ್ಮ ಪದಕ್ಕೆ ಬರೋಣ. ಕಂಪ್ಯೂಟರ್ ಒಳಗೆ ಪ್ರತಿ ಅಕ್ಷರಕ್ಕೂ ಒಂದು ಸಂಖ್ಯೆ ಇದೆ. ಪ್ರಪಂಚದ ಎಲ್ಲ ಲಿಪಿಗಳಿಗೂ ಹೀಗೆ ಸಂಖ್ಯೆ ಹಂಚಿರುವ ವ್ಯವಸ್ಥೆಗೆ ಯೂನಿಕೋಡ್ ಎನ್ನುತ್ತಾರೆ. ಅದರಲ್ಲಿ ಕನ್ನಡಕ್ಕೆ 3200ರಿಂದ 3327ರವರೆಗೆ ಜಾಗ ಇದೆ. ‘ಮ’ 3246, ‘ಳ’ 3251, ‘ಳ’ವನ್ನು ‘ಳೆ’ ಮಾಡುವ ಎತ್ವ 3270. ಕಂಪ್ಯೂಟರ್ ಸಂಖ್ಯೆಯನ್ನು 1 ಮತ್ತು 0 ಎರಡರಲ್ಲೇ ಬರೆಯುತ್ತದೆ. ಅದೇ ಬೈನರಿ. ಹಾಗೆ ಬರೆದರೆ ಇವು ಒಂದೊಂದೂ 12 ಅಂಕಿಗಳಾಗುತ್ತವೆ. 1ಕ್ಕೆ ತುಂಬಿದ ಚೌಕ, 0ಗೆ ಖಾಲಿ ಚೌಕ ಇಟ್ಟರೆ:

ಮ — ■■□□■□■□■■■□
ಳ — ■■□□■□■■□□■■
ಎತ್ವ — ■■□□■■□□□■■□

ತುಂಬಿದ ಚೌಕದಲ್ಲಿ ಹೊಕ್ಕು ಮೇಲೆ, ಖಾಲಿ ಚೌಕದಲ್ಲಿ ಕೆಳಗೆ. 12 ಹಾಸಿನ ಎಳೆ, ಮೂರು ಸಾಲು ಹೊಕ್ಕು. ‘ಮಳೆ’ ನೇಯ್ದಾಯಿತು. ಇಡೀ ಪದ್ಯವನ್ನು ಹೀಗೇ ಸಾಲು ಸಾಲಾಗಿ ಇಳಿಸುತ್ತಾ ಹೋಗಬಹುದು.

ಎಡಗಡೆಯ ಐದು ಚೌಕಗಳನ್ನು ಇನ್ನೊಮ್ಮೆ ನೋಡಿ. ಮೂರೂ ಸಾಲಿನಲ್ಲಿ ಅವು ಒಂದೇ: ಎರಡು ತುಂಬಿದ್ದು, ಎರಡು ಖಾಲಿ, ಒಂದು ತುಂಬಿದ್ದು. ಇದು ಕಾಕತಾಳೀಯ ಅಲ್ಲ. 3200ರಿಂದ 3327ರ ನಡುವಿನ ಯಾವ ಸಂಖ್ಯೆಯನ್ನು ಬೈನರಿಯಲ್ಲಿ ಬರೆದರೂ ಅದು 11001 ಎಂದೇ ಶುರುವಾಗುತ್ತದೆ. ಅಂದರೆ ಯಾವ ಕನ್ನಡ ಪದ್ಯ ನೇಯ್ದರೂ ಬಟ್ಟೆಯ ಎಡಬದಿಯಲ್ಲಿ ಇದೇ ಪಟ್ಟೆ ಉದ್ದಕ್ಕೂ ಇಳಿಯುತ್ತದೆ. ಪದಗಳ ನಡುವೆ ಜಾಗ ಬಿಟ್ಟಲ್ಲಿ, ಅಲ್ಪವಿರಾಮದಂಥ ಚಿಹ್ನೆ ಬಂದಲ್ಲಿ ಮಾತ್ರ ಅದು ತುಂಡಾಗುತ್ತದೆ. ಪಕ್ಕದಲ್ಲಿ ಹಿಂದಿ ಪದ್ಯ ನೇಯ್ದರೆ ಪಟ್ಟೆ 10010. ಇಂಗ್ಲಿಷ್ ಅಕ್ಷರಗಳಾದರೆ ಐದೂ ಖಾಲಿ, ಪಟ್ಟೆಯೇ ಇಲ್ಲ. ಯೂನಿಕೋಡ್‌ನಲ್ಲಿ ಕನ್ನಡದ ಪಕ್ಕದ ಮನೆ ತೆಲುಗಿನದು. ಅದರ ಪಟ್ಟೆ 11000. ಐದನೇ ಎಳೆಯೊಂದನ್ನು ಬಿಟ್ಟರೆ ಎರಡೂ ಒಂದೇ! ಲಿಪಿಗಳ ನೆಂಟಸ್ತನ ಬಟ್ಟೆಯ ಅಂಚಿನಲ್ಲಿ ಹೀಗೆ ಕಾಣಿಸಿಕೊಂಡಾಗ ಖುಷಿಯಾಗದೆ ಇರುತ್ತದಾ? ಯಾರೂ ಬಿಡಿಸದ ವಿನ್ಯಾಸ ಇದು. ನಿಯಮದೊಳಗೇ ಇತ್ತು, ನೇಯ್ದಾಗ ಹೊರಗೆ ಬಂತು.

ಆದರೆ ಬಟ್ಟೆ ಇಲ್ಲೂ ತಕರಾರು ತೆಗೆಯುತ್ತದೆ. ಸಾಲು ಸಾಲಿಗೂ ಮೊದಲ ಎರಡು ಹಾಸಿನ ಎಳೆಗಳು ಹೊಕ್ಕಿನ ಕೆಳಗೇ ಉಳಿದವು, ಮೂರನೆಯದೂ ನಾಲ್ಕನೆಯದೂ ಮೇಲೇ ಉಳಿದವು. ಒಂದು ಎಳೆ ಮೇಲೂ ಕೆಳಗೂ ಹೋಗುತ್ತಿದ್ದರೆ ತಾನೇ ಬಟ್ಟೆ? ಇವು ಎಲ್ಲೂ ಹೆಣೆದುಕೊಳ್ಳದೆ ಸುಮ್ನೆ ಉದ್ದಕ್ಕೆ ಬಿದ್ದಿರುತ್ತವೆ. ಮಗ್ಗದಿಂದ ಇಳಿಸಿದರೆ ಅಂಚು ಬಿಚ್ಚಿಹೋಗುತ್ತದೆ. ಪರಿಹಾರ ನೇಕಾರರ ಹತ್ತಿರ ಮೊದಲಿಂದಲೂ ಇದೆ. ಪ್ರತಿ ಅಕ್ಷರದ ಸಾಲಾದ ಮೇಲೆ ತೆಳು ನೂಲಿನಲ್ಲಿ ಒಂದು ಸಾದಾ ಸಾಲು ನೇಯಬೇಕು: ಒಂದು ಮೇಲೆ, ಒಂದು ಕೆಳಗೆ, ಮುಂದಿನ ಸಲ ಅದರ ಉಲ್ಟಾ. ಅಕ್ಷರ ದಪ್ಪ ನೂಲಿನಲ್ಲಿ ಕಾಣುತ್ತದೆ, ಸಾದಾ ಸಾಲು ಅದನ್ನು ಹಿಡಿದು ನಿಲ್ಲಿಸುತ್ತದೆ.

ಒಂದೇ ನಿಯಮವನ್ನು ಬೇರೆ ಬೇರೆ ವಸ್ತುವಿಗೆ ಕೊಂಡೊಯ್ಯುವುದರಲ್ಲಿ ಏನು ಸ್ವಾರಸ್ಯ ಎಂದು ಕೇಳುವವರಿಗೆ ನನಗೆ ಗೊತ್ತಿರುವ ಉತ್ತರ ಇದೇ. ಪರದೆ ಹೇಳಿದ್ದಕ್ಕೆಲ್ಲ ಹೂಂಗುಟ್ಟುತ್ತದೆ. ಬಟ್ಟೆ ಹಾಗಲ್ಲ, ಅದು ನಿಯಮವನ್ನು ತಿದ್ದಿಸುತ್ತದೆ. ಆ ತಿದ್ದುಪಡಿಯಲ್ಲೇ ಕೃತಿ ರೂಪ ತಾಳುತ್ತದೆ.

ಪದ್ಯ: ಪಟ್ಟಿಗಳಿಂದ ಹುಟ್ಟುವ ಸಾಲು

ನಿಯಮದಿಂದ ಪದ್ಯ ಬರೆಸುವುದೂ ಹಳೆಯ ಪ್ರಯತ್ನವೇ. 1952ರಲ್ಲಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಕಂಪ್ಯೂಟರ್‌ನಿಂದ ಕ್ರಿಸ್ಟೊಫರ್ ಸ್ಟ್ರೇಚಿ ಪ್ರೇಮಪತ್ರ ಬರೆಸಿದರು. 1967ರಲ್ಲಿ ಕಲಾವಿದೆ ಆಲಿಸನ್ ನೋಲ್ಸ್ ಮತ್ತು ಸಂಗೀತ ಸಂಯೋಜಕ ಜೇಮ್ಸ್ ಟೆನಿ ಸೇರಿ ಮಾಡಿದ ಕೆಲಸ ಇನ್ನೂ ಮುಂದೆ ಹೋಯಿತು. ಮನೆ ಯಾವುದರಿಂದ ಕಟ್ಟಿದ್ದು, ಎಲ್ಲಿದೆ, ಅದಕ್ಕೆ ಬೆಳಕು ಯಾವುದು, ಒಳಗೆ ಯಾರಿದ್ದಾರೆ ಎಂಬ ನಾಲ್ಕು ಪಟ್ಟಿಗಳು. ಕಂಪ್ಯೂಟರ್ ಒಂದೊಂದರಿಂದ ಒಂದೊಂದು ಆರಿಸಿ ನಾಲ್ಕು ಸಾಲಿನ ಪದ್ಯ ಕೊಡುತ್ತಿತ್ತು. ಅಂಥ ಒಂದು ಪದ್ಯವನ್ನು ಇಟ್ಟುಕೊಂಡು ನೋಲ್ಸ್ ಜನ ಒಳಗೆ ಹೋಗಬಹುದಾದ ಒಂದು ಮನೆಯನ್ನೇ ಕಟ್ಟಿಸಿದರು.

ನಾವೂ ಒಂದು ಪುಟ್ಟ ಯಂತ್ರ ಮಾಡೋಣ. ಮೂರು ಪಟ್ಟಿ ಸಾಕು.

ಏನು: ಮಳೆ, ನೆರಳು, ನದಿ, ಹಳೆಯ ಪತ್ರ
ಎಲ್ಲಿ: ಕಿಟಕಿಯಲ್ಲಿ, ಕನಸಿನಲ್ಲಿ, ಅಂಗೈಯಲ್ಲಿ, ಖಾಲಿ ಮನೆಯಲ್ಲಿ
ಏನು ಮಾಡಿತು: ದಾರಿ ಕೇಳಿತು, ನಿದ್ದೆ ಹೋಯಿತು, ಹೆಸರು ಹಿಡಿದು ಕರೆಯಿತು, ನಕ್ಕಿತು

ಒಂದೊಂದರಿಂದ ಒಂದನ್ನು ಆರಿಸಿ. ‘ನದಿ ಅಂಗೈಯಲ್ಲಿ ದಾರಿ ಕೇಳಿತು.’ ‘ಹಳೆಯ ಪತ್ರ ಖಾಲಿ ಮನೆಯಲ್ಲಿ ಹೆಸರು ಹಿಡಿದು ಕರೆಯಿತು.’ ‘ಮಳೆ ಕನಸಿನಲ್ಲಿ ನಿದ್ದೆ ಹೋಯಿತು.’ ನಾಲ್ಕು, ನಾಲ್ಕು, ನಾಲ್ಕು ಗುಣಿಸಿದರೆ 64 ಸಾಲುಗಳು. ಎಲ್ಲವೂ ಚೆನ್ನಾಗಿಲ್ಲ. ಕೆಲವು ಪೇಲವ, ಕೆಲವು ಮಾತ್ರ ತಟ್ಟುತ್ತವೆ. ಪಟ್ಟಿಯಲ್ಲಿ ಯಾವ ಪದ ಇರಬೇಕು, ಯಾವುದನ್ನು ತೆಗೆಯಬೇಕು ಎಂದು ಗಂಟೆಗಟ್ಟಲೆ ಕೂತು ಯೋಚಿಸುವುದೇ ಇಲ್ಲಿ ಕವಿಯ ಕೆಲಸ. ಪಟ್ಟಿ ಸ್ವಲ್ಪ ಬೆಳೆದರೂ ಎಣಿಕೆ ಕೈ ಮೀರುತ್ತದೆ. ಫ್ರೆಂಚ್ ಕವಿ ರೇಮಂಡ್ ಕೆನೊ 1961ರಲ್ಲಿ 14 ಸಾಲಿನ ಹತ್ತು ಪದ್ಯ ಬರೆದು, ಒಂದೊಂದು ಸಾಲನ್ನೂ ಬೇರೆ ಬೇರೆ ಕಾಗದದ ಪಟ್ಟಿಯಾಗಿ ಕತ್ತರಿಸಿದ ಪುಸ್ತಕ ತಂದರು. ಯಾವ ಸಾಲಿನ ಜೊತೆ ಯಾವುದನ್ನಾದರೂ ಓದಬಹುದು. ಒಟ್ಟು ನೂರು ಲಕ್ಷ ಕೋಟಿ ಪದ್ಯಗಳು. ಅದಕ್ಕೆ ಕಂಪ್ಯೂಟರೂ ಬೇಕಾಗಲಿಲ್ಲ.

ಕನ್ನಡದಲ್ಲಿ ಇಂಥ ಯಂತ್ರ ಮಾಡುವವರಿಗೆ ಬೇರೆಯದೇ ಸವಾಲು ಎದುರಾಗುತ್ತದೆ. ಮೊದಲ ಪಟ್ಟಿಗೆ ‘ಅಜ್ಜಿ’ ಸೇರಿಸಿ ನೋಡಿ. ‘ಅಜ್ಜಿ ಕನಸಿನಲ್ಲಿ ನಕ್ಕಿತು’ ಎಂದು ಬರುತ್ತದೆ. ‘ನಕ್ಕಳು’ ಆಗಬೇಕಿತ್ತು. ‘ಮಕ್ಕಳು’ ಸೇರಿಸಿದರೆ ‘ನಕ್ಕರು’. ‘ಎಲ್ಲಿ’ ಎಂಬ ಪಟ್ಟಿಯನ್ನು ಯಂತ್ರವೇ ಕಟ್ಟಬೇಕಾದರೆ ‘ಮನೆ’ಗೆ ‘ಮನೆಯಲ್ಲಿ’, ‘ಮರ’ಕ್ಕೆ ‘ಮರದಲ್ಲಿ’, ‘ಊರು’ಗೆ ‘ಊರಿನಲ್ಲಿ’ ಎಂದು ಅದಕ್ಕೆ ಗೊತ್ತಿರಬೇಕು. ಅಂದರೆ ಪದಗಳ ಜೊತೆ ವ್ಯಾಕರಣವನ್ನೂ ನಿಯಮವಾಗಿ ಬರೆಯಬೇಕು. ಬೇರೆ ಭಾಷೆಗೆ ಮಾಡಿಟ್ಟ ಕೋಡನ್ನು ತಂದು ಕನ್ನಡ ಪದ ತುಂಬಿದರೆ ಕೆಲಸ ಕೆಡುವುದು ಇಲ್ಲೇ.

ಅಕ್ಷರ ಒಡೆಯುವ ತೊಂದರೆ ಇದಕ್ಕಿಂತ ಕಣ್ಣಿಗೆ ಹೊಡೆಯುತ್ತದೆ. ಅಕ್ಷರಗಳು ಒಂದೊಂದೇ ಉದುರುವ ಹಾಗೆ ಪರದೆಯ ಮೇಲೆ ಪದ್ಯ ತೋರಿಸಬೇಕು ಎಂದುಕೊಳ್ಳಿ. ‘ಪ್ರೀತಿ’ ನಮ್ಮ ಕಣ್ಣಿಗೆ ಎರಡು ಅಕ್ಷರ. ಯೂನಿಕೋಡ್‌ಗೆ ಅದು ಆರು ತುಂಡು: ಪ, ಅರ್ಧಾಕ್ಷರ ಮಾಡುವ ಗುರುತು, ರ, ದೀರ್ಘದ ಗುರುತು, ತ, ಗುಡಿಸು. ಕೋಡ್ ಕಣ್ಣುಮುಚ್ಚಿ ಆರನ್ನೂ ಬಿಡಿಸಿದರೆ ಒತ್ತಕ್ಷರ ಕಳಚಿ, ಗುಡಿಸು ಒಂಟಿಯಾಗಿ, ಪಕ್ಕದಲ್ಲಿ ಚುಕ್ಕಿಗಳ ವೃತ್ತವೊಂದು ಬಂದು ಕೂರುತ್ತದೆ. ಪೂರ್ತಿ ಅಕ್ಷರವನ್ನು ಒಡೆಯದೆ ಹಿಡಿದಿಡಿ ಎಂಬ ನಿಯಮವನ್ನು ಪ್ರತ್ಯೇಕವಾಗಿ ಬರೆದಾಗಲೇ ‘ಪ್ರೀ’ ಒಂದಾಗಿ ಉದುರುತ್ತದೆ. ಕನ್ನಡ ಓದುವ ಕಣ್ಣಿದ್ದವರು ಮಾತ್ರ ಗಮನಿಸಿ ಸರಿಪಡಿಸಬಲ್ಲ ವಿಷಯ ಇದು.

ಆ್ಯಪ್: ನೋಡುವವರ ಬೆರಳೂ ಸೇರಿದಾಗ

ಪರದೆಯ ಚಿತ್ರ ತನ್ನಷ್ಟಕ್ಕೆ ನಡೆಯುತ್ತದೆ. ಬಟ್ಟೆ ನೇಯ್ದು ಮುಗಿದ ಮೇಲೆ ಬದಲಾಗುವುದಿಲ್ಲ. ಆ್ಯಪ್‌ನಲ್ಲಿ ನಿಯಮ ನಿಮಗಾಗಿ ಕಾಯುತ್ತದೆ. ಫೋನಿಗೆ ಬೆರಳು ಮುಟ್ಟಿದ ಜಾಗ ಗೊತ್ತು, ಕೈ ಯಾವ ಕಡೆ ವಾಲಿತು ಎಂದು ಗೊತ್ತು, ಮೈಕಿನಿಂದ ಸದ್ದೂ ಗೊತ್ತು. ಇವೆಲ್ಲ ಸಂಖ್ಯೆಗಳಾಗಿಯೇ ಕೋಡಿಗೆ ತಲುಪುತ್ತವೆ. ಸಂಗೀತಗಾರರಾದ ಬ್ರಯನ್ ಈನೊ ಮತ್ತು ಪೀಟರ್ ಚಿಲ್ವರ್ಸ್ 2008ರಲ್ಲಿ ತಂದ ‘ಬ್ಲೂಮ್’ ಆ್ಯಪ್‌ನಲ್ಲಿ ಪರದೆ ಮುಟ್ಟಿದರೆ ಒಂದು ಸ್ವರ ಕೇಳುತ್ತದೆ, ಒಂದು ಬಣ್ಣದ ವೃತ್ತ ಅರಳುತ್ತದೆ. ಆ ಸ್ವರ ಮತ್ತೆ ಮತ್ತೆ ಮರಳಿ ಬಂದು ಮೆಲ್ಲಗೆ ಮಾಯವಾಗುತ್ತದೆ. ಸಂಗೀತ ಗೊತ್ತಿಲ್ಲದವರು ಮುಟ್ಟಿದರೂ ಕಿವಿಗೆ ಹಿತವಾಗಿಯೇ ಇರುತ್ತದೆ. ಯಾವ ಸ್ವರಗಳು ಬರಬಹುದು ಎಂದು ಮೊದಲೇ ಗೊತ್ತುಮಾಡಿ ಇಟ್ಟಿದ್ದಾರಲ್ಲ, ಅದಕ್ಕೇ.

ನಮ್ಮ ‘ಮಳೆ’ಗೂ ಒಂದು ಆ್ಯಪ್ ಮಾಡಬಹುದು. ಪದ ಬರೆದರೆ ಅದರ ಚೌಕಗಳ ಸಾಲು ಮೂಡಬೇಕು. ಫೋನ್ ವಾಲಿಸಿದ ಕಡೆಗೆ ಚೌಕಗಳು ಹನಿಗಳ ಹಾಗೆ ಜಾರಬೇಕು. ಕೇಳಲು ಸುಲಭ, ಆದರೆ ಇಲ್ಲೊಂದು ಎಡವುವ ಕಲ್ಲಿದೆ. ಪರದೆ ಒಮ್ಮೆ ಬದಲಾದರೆ ಹನಿ ಒಂದು ಚೌಕ ಇಳಿಯಲಿ ಎಂದು ಬರೆದರೆ, ಸೆಕೆಂಡಿಗೆ 60 ಸಲ ಬದಲಾಗುವ ಫೋನಿನಲ್ಲಿ ಜಿಟಿಜಿಟಿ ಮಳೆ. ಅದೇ ಆ್ಯಪ್ 120 ಸಲ ಬದಲಾಗುವ ಫೋನಿನಲ್ಲಿ ಎರಡು ಪಟ್ಟು ವೇಗದ ಸುರಿಮಳೆ! ಕಲಾವಿದರು ಯೋಚಿಸಿದ ನಿಧಾನಗತಿಯೇ ಕಳೆದುಹೋಯಿತು. ಅದಕ್ಕೆ ‘ಎಷ್ಟು ಸಲ’ ಎನ್ನುವುದರ ಬದಲು ‘ಎಷ್ಟು ಹೊತ್ತಿನಲ್ಲಿ’ ಎಂದು ನಿಯಮ ಬರೆಯಬೇಕು. ಆ್ಯಪ್ ಮಾಡುವವರು ತಾವು ಎಂದೂ ನೋಡದ ಫೋನುಗಳಿಗೆ, ತಮಗೆ ಪರಿಚಯವೇ ಇಲ್ಲದ ಬೆರಳುಗಳಿಗೆ ಕೆಲಸ ಮಾಡುತ್ತಿರುತ್ತಾರೆ.

ಬಟ್ಟೆಯೂ ಆ್ಯಪ್‌ನ ಹಾಗೆ ಮುಟ್ಟಿದ್ದಕ್ಕೆ ಉತ್ತರ ಕೊಡಬಹುದು. ವಿದ್ಯುತ್ ಹರಿಯುವ ನೂಲು ಸಿಗುತ್ತದೆ. ಬಟ್ಟೆಗೆ ಹೊಲಿಯಲೆಂದೇ ಲೇಯಾ ಬ್ಯೂಕ್ಲಿ ರೂಪಿಸಿದ ‘ಲಿಲಿಪ್ಯಾಡ್’ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡ್ 2007ರಲ್ಲಿ ಮಾರುಕಟ್ಟೆಗೆ ಬಂತು.

ಎಐ ಇದರಲ್ಲಿ ಎಲ್ಲಿ ಬರುತ್ತದೆ?

ಮೇಲೆ ನೋಡಿದ ಎಲ್ಲದರಲ್ಲೂ ನಿಯಮವನ್ನು ಮನುಷ್ಯರು ಬರೆದಿದ್ದಾರೆ. ಓದಬಹುದು, ಒಂದು ಸಾಲು ತಿದ್ದಿದರೆ ಏನು ಬದಲಾಗುತ್ತದೆ ಎಂದು ಹೇಳಬಹುದು. ಈಗಿನ ಎಐ ಚಿತ್ರ ಸಾಧನಗಳಲ್ಲಿ ಹಾಗಿಲ್ಲ. ಅವು ಅಪಾರ ಸಂಖ್ಯೆಯ ಚಿತ್ರಗಳನ್ನೂ ಅವುಗಳ ವಿವರಣೆಗಳನ್ನೂ ನೋಡಿ, ಯಾವ ಪದದ ಜೊತೆ ಎಂಥ ಆಕಾರ ಬರುತ್ತದೆ ಎಂಬುದನ್ನು ತಾವೇ ಸಂಖ್ಯೆಗಳಾಗಿ ಕಲಿತಿವೆ. ಆ ನಿಯಮವನ್ನು ಯಾರೂ ಬರೆದಿಲ್ಲ, ಓದಿ ತಿಳಿಯುವುದೂ ಕಷ್ಟ. ಕಲಿಯಲು ಬಳಸಿದ ಚಿತ್ರಗಳು ಯಾರವು, ಅವರ ಒಪ್ಪಿಗೆ ಇತ್ತಾ ಎಂಬ ಜಗಳ ಹಲವು ದೇಶಗಳ ನ್ಯಾಯಾಲಯಗಳಲ್ಲಿ ನಡೆದಿದೆ.

ಕಲಾವಿದರು ಎಐ ಬಳಸುವುದೇ ಇಲ್ಲ ಎಂದಲ್ಲ. ಕೆಲವರು ತಮ್ಮದೇ ಚಿತ್ರಗಳನ್ನು ಕೊಟ್ಟು ಅದಕ್ಕೆ ಕಲಿಸುತ್ತಾರೆ. ಆದರೆ ‘ಡಿಜಿಟಲ್’ ಎಂದರೆ ‘ಎಐ’ ಎಂದೇ ಅಲ್ಲ. ಯಾವುದಾದರೂ ಕೃತಿಯ ಮುಂದೆ ನಿಂತಾಗ ಕೇಳಬೇಕಾದದ್ದು ಇಷ್ಟು: ನಿಯಮ ಯಾರು ಬರೆದರು, ಎಲ್ಲಿಂದ ಬಂತು, ಯಾವುದನ್ನು ಕಲಾವಿದರು ಆರಿಸಿದರು, ಯಾವುದನ್ನು ಯಂತ್ರಕ್ಕೆ ಬಿಟ್ಟರು.

ಮೂಲ ಪ್ರತಿ ಯಾವುದು, ಎಷ್ಟು ದಿನ ಬಾಳುತ್ತದೆ?

ಎಣ್ಣೆಬಣ್ಣದ ಚಿತ್ರಕ್ಕೆ ಮೂಲ ಪ್ರತಿ ಒಂದೇ. ಫೈಲಿಗೆ ಹಾಗಲ್ಲ, ನಕಲು ಮಾಡಿದರೆ ಎರಡೂ ಒಂದೇ. ಹಾಗಾದರೆ ಮಾರುವುದು ಹೇಗೆ? ಇದಕ್ಕೆ ಬಂದ ಒಂದು ಉತ್ತರ ಎನ್‌ಎಫ್‌ಟಿ. ಈ ಕೃತಿ ಇಂಥವರ ಹೆಸರಿನಲ್ಲಿದೆ ಎಂದು, ತಿದ್ದಲಾಗದ ಸಾರ್ವಜನಿಕ ಲೆಕ್ಕದ ಪುಸ್ತಕದಂಥ ಬ್ಲಾಕ್‌ಚೈನ್‌ನಲ್ಲಿ ಬರೆದಿಡುವ ದಾಖಲೆ ಅದು. 2021ರ ಮಾರ್ಚ್‌ನಲ್ಲಿ ಬೀಪಲ್ ಎಂಬ ಹೆಸರಿನ ಕಲಾವಿದರ ಒಂದು ಎನ್‌ಎಫ್‌ಟಿ ಕ್ರಿಸ್ಟೀಸ್ ಹರಾಜಿನಲ್ಲಿ ಸುಮಾರು 6.9 ಕೋಟಿ ಡಾಲರ್‌ಗೆ ಹೋದಾಗ ಎಲ್ಲರಿಗೂ ಈ ಪದ ಪರಿಚಯವಾಯಿತು. ಒಂದು ಮಾತು ನೆನಪಿರಲಿ: ಕೊಂಡವರಿಗೆ ಸಿಗುವುದು ದಾಖಲೆ. ಚಿತ್ರವನ್ನು ಬೇರೆಯವರು ನೋಡದ ಹಾಗೆ ಅದು ತಡೆಯುವುದಿಲ್ಲ. ಕಾಪಿರೈಟ್ ಕೂಡ ತಾನಾಗಿ ಬರುವುದಿಲ್ಲ.

ಬಾಳಿಕೆಯ ಪ್ರಶ್ನೆ ನನಗೆ ಹಣದ್ದಕ್ಕಿಂತ ದೊಡ್ಡದಾಗಿ ಕಾಣುತ್ತದೆ. 2017ರಲ್ಲಿ ಐಫೋನಿನ ಐಒಎಸ್ 11 ಬಂದಾಗ 32 ಬಿಟ್ ಎಂಬ ಹಳೆಯ ಮಾದರಿಯಲ್ಲಿ ಮಾಡಿದ ಆ್ಯಪ್‌ಗಳು ತೆರೆಯದಾದವು. ಹೊಸದಾಗಿ ಬರೆಯದ ಕಲಾ ಆ್ಯಪ್‌ಗಳೂ ಅದರಲ್ಲಿ ಹೋದವು. 2020ರ ಕೊನೆಗೆ, ವೆಬ್ ಪುಟಗಳಲ್ಲಿ ಚಲಿಸುವ ಚಿತ್ರ ತೋರಿಸುತ್ತಿದ್ದ ಫ್ಲ್ಯಾಶ್ ಎಂಬ ತಂತ್ರಾಂಶ ನಿಂತಾಗ ಅದನ್ನೇ ನಂಬಿದ್ದ ಎಷ್ಟೋ ಚಲಿಸುವ ಪದ್ಯಗಳೂ ಆಟಗಳೂ ಒಮ್ಮೆಗೇ ಕಣ್ಮರೆಯಾದವು. 1839ರ ರೇಷ್ಮೆಯ ಭಾವಚಿತ್ರ ಮಾತ್ರ ಇವತ್ತಿಗೂ ಮ್ಯೂಸಿಯಮ್‌ಗಳಲ್ಲಿ ನೋಡಲು ಸಿಗುತ್ತದೆ.

ನ್ಯೂಯಾರ್ಕಿನ ಗುಗೆನ್‌ಹೈಮ್ ಮ್ಯೂಸಿಯಮ್ ಇದಕ್ಕೆಂದು ಕಲಾವಿದರ ಜೊತೆ ಕೂತು ನಾಲ್ಕು ದಾರಿಗಳನ್ನು ಗುರುತಿಸಿತು. ಹಳೆಯ ಯಂತ್ರವನ್ನೇ ಜೋಪಾನವಾಗಿ ಇಟ್ಟುಕೊಳ್ಳುವುದು. ಹೊಸ ಕಂಪ್ಯೂಟರ್ ಒಳಗೆ ಹಳೆಯದರ ನಡವಳಿಕೆಯನ್ನು ಅನುಕರಿಸುವುದು, ಅದಕ್ಕೆ ಎಮ್ಯುಲೇಷನ್ ಎನ್ನುತ್ತಾರೆ. ಕೃತಿಯನ್ನು ಹೊಸ ತಂತ್ರಜ್ಞಾನಕ್ಕೆ ವರ್ಗಾಯಿಸುವುದು. ಇಲ್ಲವೇ ಆಶಯವನ್ನು ಉಳಿಸಿಕೊಂಡು ಹೊಸದಾಗಿಯೇ ಮಾಡುವುದು. ಇವುಗಳಲ್ಲಿ ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ ಎಂದು ಕಲಾವಿದರು ಬದುಕಿರುವಾಗಲೇ ಬರೆದು ಕೊಡಬೇಕಾಗುತ್ತದೆ. ಪರದೆಯ ಗಾತ್ರ ಬದಲಾದರೆ ಪರವಾಗಿಲ್ಲವೇ? ನೂಲಿನ ಬಣ್ಣ ಸಿಗದಿದ್ದರೆ ಹತ್ತಿರದ ಬಣ್ಣ ನಡೆಯುತ್ತದೆಯೇ? ಪದಗಳ ಪಟ್ಟಿಗೆ ಮುಂದೆ ಯಾರಾದರೂ ಹೊಸ ಪದ ಸೇರಿಸಬಹುದೇ? ಕೋಡಿನ ಜೊತೆ ಈ ಉತ್ತರಗಳೂ ಕಾಗದದ ಮೇಲೆ ಇದ್ದರೆ, 12 ಎಳೆಯ ‘ಮಳೆ’ಯನ್ನು ಈಗಿನ ಒಂದು ಯಂತ್ರವೂ ಉಳಿಯದ ಕಾಲದಲ್ಲಿ ಯಾರು ಬೇಕಾದರೂ ಮತ್ತೆ ನೇಯಬಹುದು.